ಕುಬಸದ ವಿಡಿಯೊ ಹೋದದ್ದು

ಬಸ್ಸಿನಲ್ಲಿ ಪಕ್ಕದವರು ಗಂಟೆ ಎಷ್ಟಾಯಿತೆಂದು ಕೇಳಿದರೂ ಯಾಕೆ ಕೇಳಿದರು ಎಂದು ಯೋಚಿಸುವವನು ನಾನು. ಅಥಣಿಯಲ್ಲಿ ಫೋಟೊ ಸ್ಟುಡಿಯೊ ಇಟ್ಟಾಗಿನಿಂದ ಬೀಗವನ್ನು ಮೂರು ಸಲ ಜಗ್ಗಿ ನೋಡದೆ ಮನೆಗೆ ಹೋದವನಲ್ಲ. ಅಂಥವನು ವಿಡಿಯೊ ಕೂಡಿಡುವ ಒಂದು ಎಸ್‌ಎಸ್‌ಡಿ ಡಿಸ್ಕನ್ನು ಕಣ್ಣು ಮುಚ್ಚಿ ನಂಬಿದೆ. ಒಳಗೆ ತಿರುಗುವ ತಟ್ಟೆಯಿಲ್ಲ, ಕೈಜಾರಿ ಬಿದ್ದರೂ ಏನಾಗುವುದಿಲ್ಲ ಎಂದು ಮಾರಿದವನು ಹೇಳಿದ್ದ.

ಆ ವರ್ಷ ದಸರೆಗೆ ಮುಂಚೆ ದ್ರಾಕ್ಷಿ ಬೆಳೆಗಾರರೊಬ್ಬರ ಮಗಳ ಕುಬಸವನ್ನು, ಅಂದರೆ ಸೀಮಂತವನ್ನು, ನಾನೂ ನನ್ನ ಪಾಲುದಾರನೂ ಚಿತ್ರೀಕರಿಸಿದೆವು. ಎಡಿಟಿಂಗ್ ಅವನ ಕೆಲಸ. ಮಿತಭಾಷಿಯಾದ ಆ ತಂದೆ ಅಂದು ಮೈಕ್ ಹಿಡಿದು, ಹುಟ್ಟಲಿರುವ ಕೂಸಿನ ಜೊತೆಗೇ ಮಾತಾಡಿ, ತಾವೇ ನಕ್ಕರು. ವಿಡಿಯೊವನ್ನು ಎಸ್‌ಎಸ್‌ಡಿಗೆ ಇಳಿಸಿ, ಕ್ಯಾಮೆರಾದ ಕಾರ್ಡ್ ಅಳಿಸಿ ಮುಂದಿನ ಕೆಲಸಕ್ಕೆ ಒಯ್ದೆವು. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ಮರುದಿನ ಕಂಪ್ಯೂಟರ್ ಶುರು ಮಾಡಿದರೆ ಡಿಸ್ಕಿನ ಹೆಸರೇ ಬದಲಾಗಿತ್ತು. ಗಾತ್ರ ಸೊನ್ನೆ ಎಂದು ತೋರಿಸುತ್ತಿತ್ತು.

ಅದೇ ವಾರ ಆ ತಂದೆ ಎದೆನೋವಿನಿಂದ ತೀರಿಕೊಂಡರು. ಕೆಲವು ದಿನಗಳ ಮೇಲೆ ತುಂಬುಗರ್ಭಿಣಿ ಮಗಳು ಅಂಗಡಿಗೇ ಬಂದಳು.

"ಫೋಟೊ ಅದಾವ್ರಿ. ನನಗ ಅಪ್ಪನ ದನಿ ಬೇಕು. ಕೂಸಿಗೆ ಕೇಳಸ್ಬೇಕ್ರಿ."

ಪಾಲುದಾರ ಹಾರೂಗೇರಿಯಲ್ಲಿ ಸ್ವಂತ ಸ್ಟುಡಿಯೊ ತೆಗೆಯುತ್ತಾನೆಂಬ ಸುದ್ದಿ ಆಗಲೇ ನನ್ನ ಕಿವಿಗೆ ಬಿದ್ದಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಒಳ್ಳೆಯ ಡಿಸ್ಕನ್ನು ತಾನಿಟ್ಟುಕೊಂಡು, ಅಂಥದೇ ಕೆಟ್ಟದ್ದೊಂದನ್ನು ಜೋಡಿಸಿದ್ದಾನೆ ಎಂದು ತೀರ್ಮಾನಿಸಿ ಮುಖಕ್ಕೇ ಅಂದೆ. ಅವನು ಬಾಯಿ ತೆರೆದಾಗ "ಕತಿ ಕಟ್ಟಬ್ಯಾಡ" ಎಂದೆ. ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದ. ಪಾಲುದಾರ ಕದ್ದಿದ್ದಾನೆ, ಹೊರಗೆ ತೆಗೆಸುತ್ತೇನೆ ಎಂದು ಆ ಮಗಳಿಗೂ ಹೇಳಿಬಿಟ್ಟೆ.

ಬದಲಾಯಿಸಿದ್ದನ್ನು ಖಾತ್ರಿ ಮಾಡಿಕೊಳ್ಳಲು ಡಿಸ್ಕ್ ಹಿಡಿದು ಚಿಕ್ಕೋಡಿ ದಾಟಿ ನಿಪ್ಪಾಣಿಗೆ ಹೋದೆ. ಅಲ್ಲೊಬ್ಬರು ಡಿಸ್ಕ್ ರಿಪೇರಿಯವರಿದ್ದರು. ಅವರು ಬದಲಾಯಿಸಿಬಿಟ್ಟರೆ? ಮೊದಲೇ ಡಿಸ್ಕಿನ ಮೂಲೆಯಲ್ಲಿ ಮೊಳೆಯಿಂದ ಗೀರಿ ಗುರುತು ಮಾಡಿದ್ದೆ.

"ಡಿಸ್ಕ್ ಇದ ಐತ್ರಿ, ಯಾರೂ ಬದಲಾಯ್ಸಿಲ್ಲ," ಎಂದರು ಅವರು. ಮೇಲಿನ ಚೀಟಿಯ ನಂಬರು ನನ್ನ ಬಿಲ್ಲಿನ ನಂಬರಿಗೆ ಸರಿಯಾಗಿತ್ತು. "ಎಲ್ಲಿ ಏನೈತಿ ಅಂತ ಲೆಕ್ಕ ಇಡೂ ಕಂಟ್ರೋಲರ್ ಹೋಗೈತಿ. ಅಡಗಿಮನ್ಯಾಗ ಡಬ್ಬಿ ಎಲ್ಲಾ ತುಂಬ್ಯಾವು, ಯಾವದ್ರಾಗ ಏನೈತಿ ಅನ್ನೂದು ಅತ್ತಿಗೆ ಮರತ್ಹೋಗೈತಿ ಅಂತ ತಿಳ್ಕೋರಿ."

"ಡಬ್ಬಿ ತಗದ ನೋಡ್ರಿ ಮತ್ತ."

"ಒಂದ ಮಾತನ್ನ ತುಂಡ ತುಂಡ ಮಾಡಿ ನೂರ ಡಬ್ಬ್ಯಾಗ ಇಟ್ಟಿರತೈತ್ರಿ ಅದು. ಇದರಾಗ ಜೋಡಸಾಕ ಬರೂದಿಲ್ಲ. ಡಿಸ್ಕಿಗೆ ಬರಿಯೂದು ನಡದಾಗ ಕರೆಂಟ್ ತಗದಿದ್ರೇನು?"

ಯುಪಿಎಸ್ ಇದೆ, ಕರೆಂಟು ಹೋಗುವ ಮಾತೇ ಇಲ್ಲ ಎಂದೆ. ಹಾಗಾದರೆ ತಾನಾಗಿಯೇ ಹೋಗಿರಬಹುದು, ಕೆಲವು ಕಂಟ್ರೋಲರುಗಳು ಕಾರಣವಿಲ್ಲದೆ ಕೈಕೊಡುತ್ತವೆ ಎಂದರು. ಆ ಮಾತು ಹಿಡಿದುಕೊಂಡು ಮನೆಗೆ ಬರಬಹುದಿತ್ತು. ಆದರೆ ವಾಪಸು ಬರುವ ಬಸ್ಸಿನಲ್ಲಿ ಖಂಡೆ ಪೂಜೆಯ ಬೆಳಗು ನೆನಪಾಯಿತು. ಪೂಜೆಗೆ ಕೂತ ಹತಾರ ಅಲುಗಬಾರದು, ಸದ್ದು ಮಾಡಬಾರದು ಎಂಬುದು ನಮ್ಮ ತಂದೆಯ ಕಾಲದ ನೇಮ. ಅಂದು ಯುಪಿಎಸ್ಸಿಗೂ ವಿಭೂತಿ ಹಚ್ಚಬೇಕೆಂದು ಅದರ ವೈರನ್ನೇ ಕಿತ್ತು ಅದನ್ನು ಪೂಜೆಯ ಮಣೆಯ ಮೇಲೆ ಇಟ್ಟವನು ನಾನು. ಕಂಪ್ಯೂಟರಿನ ದೀಪ ಇನ್ನೂ ಮಿನುಗುತ್ತಿತ್ತೇ ಎಂದು ನೋಡಿರಲಿಲ್ಲ.

ಮರುದಿನ ಹಾರೂಗೇರಿಗೆ ಹೋದೆ. ಪಾಲುದಾರ ಕುರ್ಚಿ ಸರಿಸಿ ಕೊಟ್ಟ, ಆದರೆ ಮುಖ ನೋಡಲಿಲ್ಲ.

"ಖಂಡೆ ಪೂಜಿ ದಿನ ಕಂಪ್ಯೂಟರನ್ಯಾಗ ಏನರ ಹಚ್ಚಿಟ್ಟಿದ್ದೇನು?"

"ಎಡಿಟ್ ಮುಗಿಸಿ ಅದ ಡಿಸ್ಕಿಗೆ ಸೇವ್ ಹಚ್ಚಿದ್ನಿ ಅಣ್ಣಾರ. ಹೂ ತರಾಕ ಹೋಗಿ ಬರೂದ್ರಾಗ ನೀವು ವೈರ್ ಕಿತ್ತಿದ್ರಿ. ಅದನ್ನ ಹೇಳಾಕ ಬಾಯಿ ತಗದ್ನಿ ಅವತ್ತ."

ತಪ್ಪಾಯಿತು ಎಂದೆ. ಅವನು ಚಹಾ ತರಿಸಿದ.

ಅಲ್ಲಿಂದ ಸೀದಾ ಆ ಮಗಳ ಮನೆಗೆ ಹೋದೆ. ಅಷ್ಟರಲ್ಲಿ ಹೆರಿಗೆಯಾಗಿ ಕೂಸು ತೊಟ್ಟಿಲಲ್ಲಿತ್ತು. ಯಾರೂ ಕದ್ದಿಲ್ಲ, ನನ್ನ ಕೈಯಿಂದಲೇ ಹೋಯಿತು, ಇನ್ನು ಸಿಗುವುದಿಲ್ಲ ಎಂದು ನಿಂತಲ್ಲೇ ಹೇಳಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಬೈಯುತ್ತಾಳೆಂದು ಕಾದೆ.

ಅವಳು ಬೈಯಲಿಲ್ಲ. ತೊಟ್ಟಿಲು ತೂಗುತ್ತಿದ್ದ ಕೈ ನಿಲ್ಲಿಸಿದಳು.

"ಕದ್ದಾರ ಅಂದಿದ್ರಲ್ಲರಿ," ಅಂದಳು. "ಕದ್ದದ್ದಾದ್ರ ಎಲ್ಲ್ಯಾರ ಇರತೈತಿ ಅಂತ ಇಷ್ಟ ದಿನ ಸಮಾಧಾನ ಮಾಡಕೊಂಡಿದ್ನಿ."