ಹುಳುಮನೆಯ ಬಾಗಿಲಲ್ಲಿ ಕೇಳಿದ ಪ್ರಶ್ನೆ

ಸುಟ್ಟ ಮನೆಗಳ ಹೊಗೆ ನಮ್ಮ ಹಿಪ್ಪುನೇರಳೆ ತೋಟದ ಮೇಲೆ ಬಂದು ನಿಂತಾಗ ನನಗೆ ಮೊದಲು ನೆನಪಾದದ್ದು ಮನುಷ್ಯರಲ್ಲ, ರೇಷ್ಮೆಹುಳುಗಳು. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆಯೇ. ಹುಳುಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ, ಕಳೆದು ಹಣ್ಣಾಗಿ ಗೂಡು ಕಟ್ಟುವುದರಲ್ಲಿದ್ದವು. ಆ ಹೊತ್ತಿನಲ್ಲಿ ಹೊಗೆ ತಾಕಿದರೆ ಸೊಪ್ಪು ಮುಟ್ಟುವುದಿಲ್ಲ. ಹುಳುಮನೆಯ ಕಿಟಕಿಗಳಿಗೆ ಒದ್ದೆ ಗೋಣಿಚೀಲ ಕಟ್ಟುತ್ತಿದ್ದೆ. ಆಗ ದೂರದಿಂದ ಕೂಗು ಕೇಳಿಸಿತು. ಕೀನ್ಯಾದ ಚುನಾವಣೆಯ ಫಲಿತಾಂಶ ಬಂದು ಎರಡು ದಿನವಾಗಿತ್ತು.

ನಾನು ದಿಬ್ಬೂರಹಳ್ಳಿ ಕಡೆಯವಳು. ಪಶ್ಚಿಮ ಕೀನ್ಯಾದ ಈ ಎತ್ತರದ ಊರಿಗೆ ಬಂದು ಎರಡು ವರ್ಷ. ಹೆಂಗಸರ ಗುಂಪೊಂದಕ್ಕೆ ಹುಳು ಸಾಕುವುದನ್ನು ಕಲಿಸುತ್ತೇನೆ. ನನ್ನನ್ನು ‘ಮ್ವಾಲಿಮು’ ಎನ್ನುತ್ತಾರೆ. ಸ್ವಾಹಿಲಿಯಲ್ಲಿ ಹಾಗೆಂದರೆ ಮೇಷ್ಟ್ರು. ಇವರ ಉಗಾಲಿ ಮುಸುಕಿನ ಜೋಳದ ಬಿಳಿ ಮುದ್ದೆ. ನಾವು ಮುದ್ದೆ ನುಂಗುತ್ತೇವೆ, ಇವರು ಅಗಿಯುತ್ತಾರೆ. ಮೊದಲ ದಿನ ನಾನು ನುಂಗಿದ್ದನ್ನು ಕಂಡು ನನ್ನ ಸಹಾಯಕಿ ರೂತ್ ಗಾಬರಿಯಿಂದ ನೀರು ತಂದುಕೊಟ್ಟಿದ್ದಳು. ಆಮೇಲೆ ಅದೇ ಅವಳಿಗೆ ತಮಾಷೆಯಾಯಿತು. “ನಮ್ಮ ಮ್ವಾಲಿಮುಗೆ ಹಲ್ಲಿರೋದು ನಗೋಕೆ ಮಾತ್ರ” ಎಂದು ಎಲ್ಲರಿಗೂ ಹೇಳುತ್ತಿದ್ದಳು.

ಇಲ್ಲಿ ಬಾಡಿಗೆ ಮನೆ ಸಿಕ್ಕಿದ್ದು ಒಂದೇ ದಿನದಲ್ಲಿ. ಒಡತಿ ಕೇಳಿದ್ದು ಎರಡೇ ಮಾತು: ನೀರು ನೀನೇ ಹೊರುತ್ತೀಯಾ, ಭಾನುವಾರ ಜೋರಾಗಿ ರೇಡಿಯೋ ಹಾಕುತ್ತೀಯಾ. ಚಿಕ್ಕಬಳ್ಳಾಪುರದಲ್ಲಿ ಕೆಲಸಕ್ಕೆ ಸೇರಿದಾಗ ಐದು ಮನೆ ನೋಡಿದ್ದೆ. ಐದನೆಯ ಮನೆಯ ಅಮ್ಮ ಕಾಫಿ ಕೊಟ್ಟು, “ನಿಮ್ಮನೇಲಿ ಯಾವ ದೇವರಮ್ಮ?” ಎಂದರು. “ಬುದ್ಧ” ಎಂದೆ. ಅವರ ಮುಖದಲ್ಲಿ ನಗು ಹಾಗೇ ಇತ್ತು. “ಮಾ ಆಯನ್ನಿ ಕೇಳಿ ಹೇಳ್ತೀನಮ್ಮ” ಎಂದರು, ಗಂಡನನ್ನು ಕೇಳುತ್ತೇನೆ ಎಂದು. ಆ ಉತ್ತರ ಇನ್ನೂ ಬಂದಿಲ್ಲ. ಇಲ್ಲಿ ಯಾರೂ ನನ್ನ ದೇವರನ್ನು ಕೇಳಲಿಲ್ಲ. ಇಲ್ಲಿಯವರು ಕೇಳುವವರೇ ಅಲ್ಲ ಎಂದುಕೊಂಡು ಎರಡು ವರ್ಷ ಸುಖವಾಗಿದ್ದೆ. ತಪ್ಪು ತಿಳಿದಿದ್ದೆ. ನನ್ನನ್ನು ಕೇಳುತ್ತಿರಲಿಲ್ಲ, ಅಷ್ಟೇ.

ಆ ದಿನ ಮಧ್ಯಾಹ್ನ ರೂತ್ ಇಬ್ಬರು ಹೆಣ್ಣುಮಕ್ಕಳ ಕೈ ಹಿಡಿದು ಓಡಿಬಂದಳು. ಬೇರೆ ಬುಡಕಟ್ಟಿನವಳೆಂದು ಅವಳ ಮನೆ ಸುಟ್ಟಿದ್ದರು. ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ, ಒಳಗಿನವರೂ ಬಾಗಿಲ ಬಳಿಯ ಬೇಸಿನ್ನಿನಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಿಗೆ ಕಾಲು ಅದ್ದಿಯೇ ಹೋಗಬೇಕು. ಇದು ನಮ್ಮ ಶಿಡ್ಲಘಟ್ಟದ ಪದ್ಧತಿ, ನಾನೇ ಕಲಿಸಿದ್ದು. “ಬೇಗ ಬಾ, ಒಳಗೆ ಹೋಗು” ಎಂದೆ. ಅವಳು ನಿಂತಳು. ದೊಡ್ಡವಳ ಕಾಲು ಅದ್ದಿಸಿದಳು, ಚಿಕ್ಕವಳ ಕಾಲು ಅದ್ದಿಸಿದಳು, ತಾನೂ ಅದ್ದಿದಳು. ಆಮೇಲೆ ಒಳಗೆ ಹೋಗಿ ಹುಳು ಸಾಕುವ ತಟ್ಟೆಗಳ ಸ್ಟ್ಯಾಂಡಿನ ಹಿಂದೆ ಕುಳಿತಳು.

ನಾನು ಹೊರಗಿನಿಂದ ಚಿಲಕ ಹಾಕುವಷ್ಟರಲ್ಲಿ ಐದು ಜನ ಬಂದರು. ಕೈಯಲ್ಲಿ ಪಂಗಾ, ಅಂದರೆ ಮಚ್ಚು. ಮುಂದೆ ನಿಂತವನು ಜೋಸೆಫ್. ಎರಡು ವರ್ಷದಿಂದ ಸೈಕಲ್ ಮೇಲೆ ನಮಗೆ ಸೊಪ್ಪು ತಂದುಕೊಡುತ್ತಿದ್ದವನು.

“ತೆಗೀರಿ ಮ್ವಾಲಿಮು. ನೋಡಿ ಹೋಗ್ತೀವಿ.”

“ಎರಡು ವರ್ಷದಲ್ಲಿ ಒಂದು ದಿನಾನಾದ್ರೂ ಈ ಹೊಸ್ತಿಲು ದಾಟಿದ್ದೀಯಾ ಜೋಸೆಫ್? ಮೈಯೆಲ್ಲಾ ಹೊಗೆ ವಾಸನೆ. ಹುಳಕ್ಕೆ ಆಗಲ್ಲ.”

ಆ ಮಾತು ನನ್ನ ಬಾಯಿಂದ ಕನ್ನಡದಲ್ಲೇ ಮೊದಲು ಬಂತು, ಆಮೇಲೆ ಸ್ವಾಹಿಲಿಯಲ್ಲಿ ಹೇಳಿದೆ. ನಮ್ಮ ಕಡೆಯ ಸಾದಲಿಯಲ್ಲಿ ನನ್ನ ಅಮ್ಮ ಬೇರೆಯವರ ಹುಳುಮನೆಗೆ ಸೊಪ್ಪಿನ ಹೊರೆ ಹೊತ್ತು ಹೋಗಿ ಬಾಗಿಲಲ್ಲೇ ಇಳಿಸುತ್ತಿದ್ದಳು. ಬೇರೆ ಆಳುಗಳು ಒಳಗೆ ಹೋಗುತ್ತಿದ್ದರು. ಅವಳಿಗೆ ಮಾತ್ರ “ಹುಳಕ್ಕೆ ಆಗಲ್ಲ” ಎನ್ನುತ್ತಿದ್ದರು. ಹುಳಕ್ಕೆ ಯಾವ ಮನುಷ್ಯರೂ ಆಗದವರಲ್ಲ ಎಂದು ನಾನು ತರಬೇತಿಯಲ್ಲಿ ಕಲಿತೆ. ಹೊಗೆಯ ನೆಪದಲ್ಲಿ ಅದೇ ಸುಳ್ಳನ್ನು ಅಂದು ನಾನು ಹೇಳಿದೆ. ಮತ್ತೆ ಬೇಕಾದರೂ ಹೇಳುತ್ತೇನೆ.

“ಜನ ಸಾಯ್ತಿದ್ದಾರೆ, ನಿಮಗೆ ಹುಳದ ಚಿಂತೆ” ಎಂದ ಜೋಸೆಫ್. ಹಿಂದಿದ್ದವನೊಬ್ಬ, “ಇವಳು ಯಾವ ಜನ?” ಎಂದ.

“ನಮ್ಮೂರಲ್ಲೂ ಕೇಳ್ತಾರಪ್ಪ. ಆ ಪ್ರಶ್ನೆಗೆ ಇನ್ನು ನಾನು ಉತ್ತರ ಕೊಡಲ್ಲ. ಬಾಗಿಲಂತೂ ತೆಗೆಯಲ್ಲ.”

ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಜೋಸೆಫ್ ನೆಲ ನೋಡಿದ. ಅಲ್ಲಿ ಬೇಸಿನ್ನಿನ ಪಕ್ಕ ಒದ್ದೆ ಹೆಜ್ಜೆಗಳಿದ್ದವು, ಎರಡು ಜೊತೆ ತೀರ ಚಿಕ್ಕವು. ಅವನು ಅವನ್ನು ಕಂಡ. ಕಂಡನೆಂದು ನನಗೂ ಗೊತ್ತಾಯಿತು. “ಬನ್ನಿ, ಇಲ್ಲಿ ಹುಳ ಬಿಟ್ಟರೆ ಏನೂ ಇಲ್ಲ” ಎಂದು ತಿರುಗಿದ. ನನ್ನ ಧೈರ್ಯ ಕಂಡು ಹೋದರೆಂದು ಬರೆದುಕೊಳ್ಳಲಾರೆ. ಬೆಳಿಗ್ಗೆ ಮನೆ ಸುಟ್ಟವರಲ್ಲಿ ಅವನಿದ್ದನೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.

ಮಾರನೆಯ ದಿನ ಪೊಲೀಸ್ ಕಾವಲಿನ ಲಾರಿಯಲ್ಲಿ ರೂತ್ ಮತ್ತು ಮಕ್ಕಳು ಹೊರಟರು. ಅದೇ ವಾರ ಚಿಂತಾಮಣಿಯಿಂದ ನನ್ನ ಅಣ್ಣ ಫೋನ್ ಮಾಡಿದ.

“ಬಂದ್ಬಿಡಮ್ಮ. ಕಾಡು ಜನದ ಮಧ್ಯೆ ಎಂಥದ್ದು ನಿಂದು?”

“ಕಾಡು ಜನ ಅಲ್ಲಣ್ಣ. ಪೇಪರ್ ಓದೋರು, ಸಾಲಲ್ಲಿ ನಿಂತು ಓಟ್ ಹಾಕಿದೋರು.”

“ಸರಿ, ಯಾರು ಯಾರನ್ನ ಕೊಂದ್ರು? ಯಾವ ಬುಡಕಟ್ಟು?”

“ಹೇಳಲ್ಲ.”

“ನನಗೂ ಹೇಳಲ್ವೇನೇ?”

“ನೀನು ಟೀ ಅಂಗಡೀಲಿ ಕೂತು ಒಂದು ಜನದ ಹೆಸರು ಹೇಳಿ ಛೀ ಅಂತೀಯ. ಬೇಡ.”

ಇದನ್ನು ಓದುವ ನಿಮಗೂ ಹೇಳುವುದಿಲ್ಲ. ಓಟು ಎಣಿಸಿದ ರೀತಿ ಸರಿಯಿಲ್ಲ ಎಂಬ ಸಿಟ್ಟು, ಯಾರದೋ ಕಾಲದಲ್ಲಿ ಹಂಚಿದ ಭೂಮಿ, ಯುವಕರನ್ನು ಬೀದಿಗೆ ಬಿಟ್ಟು ತಾವು ಕಾವಲಿನಲ್ಲಿದ್ದ ನಾಯಕರು, ಇವು ನಾನಿಲ್ಲಿ ಕೇಳಿದ ಕಾರಣಗಳು. ಇವುಗಳಲ್ಲಿ ಒಂದಾದರೂ ನಿಮಗೆ ಹೊಸದೇ?

ಈಗ ನಾಯಕರು ಕೈ ಕುಲುಕಿದ್ದಾರೆ. ರೂತ್ ತನ್ನ ಅಪ್ಪನ ಊರಿನಲ್ಲಿದ್ದಾಳೆ. ಅವಳು ಅಲ್ಲಿ ಹುಟ್ಟಲಿಲ್ಲ, ಬೆಳೆಯಲಿಲ್ಲ. ಅಲ್ಲಿಯವರು ಅವಳನ್ನು ‘ಹೊರಗಿನವಳು’ ಎನ್ನುತ್ತಾರಂತೆ. ಮುಂದಿನ ತಿಂಗಳು ರಜೆಗೆ ಊರಿಗೆ ಹೋಗುತ್ತೇನೆ ಎಂದು ಅವಳಿಗೆ ಫೋನಿನಲ್ಲಿ ಹೇಳಿದೆ.

“ವಾಪಸ್ ಬರ್ತೀರಾ?” ಎಂದಳು.

“ನೀನು ಬಂದರೆ ಬರ್ತೀನಿ.”

“ನೀವು ಮೊದಲು ಬನ್ನಿ ಮ್ವಾಲಿಮು. ಹುಳುಮನೆ ಇರೋ ಊರಲ್ಲಿ ನಿಮ್ಮನ್ನ ಯಾರೂ ಏನೂ ಮಾಡಲ್ಲ.”

ಅದು ನಿಜ. ಯಾವ ಜನ ಎಂದು ಊರಿನಲ್ಲಿ ನನ್ನನ್ನು ಕೇಳುತ್ತಾರೆ, ಇಲ್ಲಿ ಅವಳನ್ನು ಕೇಳುತ್ತಾರೆ. ನನ್ನ ಊರು ಯಾವುದೆಂದು ಈಗ ಒಂದೇ ಮಾತಿನಲ್ಲಿ ಹೇಳಲಾರೆ. ಹೋಗಿ ಬರುವ ಎರಡೂ ಟಿಕೆಟ್ ತೆಗೆಸಿದ್ದೇನೆ.