ದೊಡ್ಡ ಲೀಗಿನ ಜೆರ್ಸಿ

ಧೂಳಿನ ಗಾಳಿ ನಿಂತ ಮೇಲೆ ಹೆಂಡತಿ ಕಿಟಕಿ ಒರೆಸಲು ಕೈಗೆತ್ತಿಕೊಂಡದ್ದು ನನ್ನ ವಾಲಿಬಾಲ್ ಜೆರ್ಸಿಯನ್ನು. ಪಾಪ, ಅದಕ್ಕೆ ಒರೆಸುವ ಕೆಲಸವೂ ಬರದು. ನೀರು ಹೀರುವುದಿಲ್ಲ, ಈ ಗಾಜಿನ ಧೂಳನ್ನು ಆ ಗಾಜಿಗೆ ವರ್ಗ ಮಾಡುತ್ತದೆ, ಅಷ್ಟೆ. ಬೆನ್ನ ಮೇಲಿನ ಲಾಂಡ್ರಿ ಅಂಗಡಿಯ ಹೆಸರು ಮಾತ್ರ ಇನ್ನೂ ಹೊಚ್ಚ ಹೊಸದು.

"ಪಪ್ಪಾ, ಡಿಡ್ ಯು ಎವರ್ ವಿನ್ ಇನ್ ದಿಸ್?" ಎಂದಳು ಮಗಳು.

ಇಲ್ಲ. ಒಮ್ಮೆಯೂ ಇಲ್ಲ. ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ, ನೀವು ನಗುವುದಾದರೆ ನನ್ನೆದುರು ನಗುವುದಿಲ್ಲವಲ್ಲ.

ಆ ಜೆರ್ಸಿ ಬರುವ ಮೊದಲು ನಾವು ಕುವೈತಿನ ರಿಗ್ಗೈಯ ಖಾಲಿ ಜಾಗದಲ್ಲಿ ಶುಕ್ರವಾರ ಬೆಳಿಗ್ಗೆ ಬನಿಯನ್ನಿನಲ್ಲೇ ಆಡುತ್ತಿದ್ದೆವು, ಆಗಾಗ ಗೆಲ್ಲುತ್ತಲೂ ಇದ್ದೆವು. ನಾಲ್ಕೇ ತಂಡಗಳ ಪುಟ್ಟ ಲೀಗು. ನಮ್ಮದು ಹೋಟೆಲು, ಆಫೀಸುಗಳ ತುಳುವರ ತಂಡ. ಕ್ಯಾಪ್ಟನ್ ವಿಠಲಣ್ಣ, ಹೋಟೆಲಿನ ಅಡುಗೆಯವ. ನಮ್ಮ ಪರಮ ಶತ್ರು ಸಂಗಪ್ಪನ ತಂಡ: ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಟೆಕ್ನಿಶಿಯನ್ನುಗಳಾಗಿದ್ದ ಉತ್ತರ ಕರ್ನಾಟಕದವರು. ಕಪ್, ಪದಕ ಏನೂ ಇರಲಿಲ್ಲ. ಎರಡೂ ಕಡೆಯವರು ತಿಂಡಿಯ ಡಬ್ಬಿ ತರಬೇಕು, ಸೋತವರ ಡಬ್ಬಿಗೆ ಗೆದ್ದವರು ಕೈ ಹಾಕಬೇಕು, ಅದೇ ಕಾಯಿದೆ. ಅವರ ಗಿರ್ಮಿಟ್ಟು ಮಿರ್ಚಿಗಾಗಿ ನಾವು ಜೀವ ಬಿಟ್ಟು ಆಡುತ್ತಿದ್ದೆವು. ವಿಠಲಣ್ಣನ ಗೋಳಿಬಜೆಗಾಗಿ ಅವರು.

ಇದನ್ನು ಕೆಡಿಸಿದ್ದು ಶರ್ಕ್‌ನಲ್ಲಿರುವ ನನ್ನ ಆಫೀಸಿನ ಬಾಸ್. ಕುವೈತಿ, ಆದರೆ ಅಮೆರಿಕದಲ್ಲಿ ಓದಿದವನು. ಅಲ್ಲಿನ ಕಾಲೇಜು ಫುಟ್ಬಾಲ್ ಎಂದರೆ ಪ್ರಾಣ. ಹೆಸರಿಗೆ ಫುಟ್ಬಾಲ್; ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ಒಂದು ದಿನ ಕುಣಿಯುವುದೊಂದೇ ಬಾಕಿ ಎಂಬಂತೆ ಬಂದ. ಅವನ ಕಾಲೇಜು ದೊಡ್ಡ ಕಾನ್ಫರೆನ್ಸ್ ಸೇರಿತ್ತು! ಕಾನ್ಫರೆನ್ಸ್ ಎಂದರೆ ಏಸಿ ಕೋಣೆಯ ಸ್ಯಾಂಡ್‌ವಿಚ್ ಎಂದಷ್ಟೇ ತಿಳಿದಿದ್ದ ನನ್ನನ್ನು ಕೂರಿಸಿ ಪಾಠ ಮಾಡಿದ. ಕಾಲೇಜುಗಳು ಗುಂಪು ಕಟ್ಟಿಕೊಂಡು ಆಡುತ್ತವೆ. ಟಿವಿಯವರು ದುಡ್ಡು ಕೊಡುವುದು ಗುಂಪಿಗೆ. ಗುಂಪು ಅದನ್ನು ಸದಸ್ಯರಿಗೆ ಹಂಚುತ್ತದೆ.

"ಸೋತವರಿಗೂ?" ಎಂದೆ.

"ಸೋತವರಿಗೂ, ಹಬೀಬಿ! ಯಾರ ಪಕ್ಕ ಕೂರುತ್ತೀ ಅನ್ನುವುದೇ ಮುಖ್ಯ."

ಮಂಗನ ಕೈಗೆ ಮಾಣಿಕ್ಯ ಸಿಕ್ಕಿತು. ಆ ವಾರವೇ ತಂಡಕ್ಕೆ ಭಾಷಣ ಬಿಗಿದೆ. ಸ್ಪಾನ್ಸರುಗಳಿರುವ ದೊಡ್ಡ ಲೀಗು ಸೇರೋಣ, ದೊಡ್ಡವರ ಜೊತೆ ಆಡಿದರೆ ನಾವೂ ದೊಡ್ಡವರು! ವಿಠಲಣ್ಣ ಮಾತ್ರ ತಲೆ ಕೆರೆದುಕೊಂಡ. "ಅದೆಲ್ಲ ಸರಿ ಮಾರಾಯ, ಅಲ್ಲಿ ಗಿರ್ಮಿಟ್ ಯಾರು ತರುವುದು?"

ಯಾರೂ ತರಲಿಲ್ಲ. ನಮಗೆ ಸ್ಪಾನ್ಸರ್ ಆದ ಲಾಂಡ್ರಿಯವನು ಜೆರ್ಸಿ ಕೊಟ್ಟ, ಬ್ಯಾನರ್ ಕೊಟ್ಟ, ಆರಿದ ಬಿರಿಯಾನಿಯ ಡಬ್ಬ ಕೊಟ್ಟ. ಎದುರಾಳಿಗಳು ಆರಡಿ ಮೀರಿದ ಹುಡುಗರು. ಅವರು ಹೊಡೆದ ಚೆಂಡು ನಮ್ಮ ಅಂಗಳಕ್ಕೆ ಬಿದ್ದ ಮೇಲೆಯೇ ನಮಗೆ ಕಾಣುತ್ತಿತ್ತು. ಪ್ರತಿ ವಾರ ಸೋತೆವು, ಪ್ರತಿ ವಾರ ಲೀಗಿನ ವಾಟ್ಸಾಪ್ ಗುಂಪಿನಲ್ಲಿ ನಮ್ಮ ಫೋಟೋ ಬಂತು. ಲಾಂಡ್ರಿಯವನಿಗೆ ಪರಮ ಸಂತೋಷ. ಚೆಂಡಿನ ಹಿಂದೆ ಓಡುವವರ ಬೆನ್ನೇ ಕ್ಯಾಮೆರಾಕ್ಕೆ ಕಾಣುವುದಲ್ಲವೇ!

ಬಾಸ್ ಮುಂದೆ ದುಃಖ ತೋಡಿಕೊಂಡರೆ ಅವನೂ ನಿಟ್ಟುಸಿರು ಬಿಟ್ಟ. "ನಮ್ಮದೂ ಅದೇ ಕಥೆ. ಸ್ಟೇಡಿಯಂ ಹೊಸದು, ಗೆಲುವು ಹಳೆಯದು. ಪಕ್ಕದೂರಿನ ಕಾಲೇಜಿನ ಜೊತೆ ವರ್ಷಕ್ಕೊಮ್ಮೆ ಜಗಳವಾಡುತ್ತಿದ್ದೆವು. ಅವರು ಹಳೇ ಗುಂಪಿನಲ್ಲೇ ಉಳಿದರು, ಆ ಆಟವೂ ನಿಂತಿತು." ಅವನ ಮುಖ ನೋಡಿ ನನಗೆ ಸಂಗಪ್ಪ ನೆನಪಾದ. ಅವನೊಡನೆ ಜಗಳವಾಡದೆ ನನ್ನ ಶುಕ್ರವಾರಗಳು ಸಪ್ಪೆಯಾಗಿದ್ದವು. ಆದರೆ ಬಿಟ್ಟು ಬಂದ ಲೀಗಿಗೆ ಯಾವ ಮುಖ ಇಟ್ಟುಕೊಂಡು ಮರಳುವುದು? ಹಾಗೆಯೇ ಎರಡು ವರ್ಷ ಕಳೆಯಿತು.

ಮಗಳ ಪ್ರಶ್ನೆ ನಾಟಿತು. ಜೆರ್ಸಿಯನ್ನು ಹೆಂಡತಿಯ ಕೈಯಲ್ಲೇ ಬಿಟ್ಟು ಸಂಗಪ್ಪನಿಗೆ ಫೋನ್ ಮಾಡಿದೆ.

"ಬರ್ರಿ ಸರ, ಯಾರ ಬ್ಯಾಡ ಅಂದಾರ? ಆದ್ರ ನಮ್ಮ ಲೀಗಿಗೂ ಈಗ ಮೆಂಬರ್ ಫೀ ಐತಿ. ಮೊದಲ್ನೇ ಆಟ ನೀವು ಸೋಲಬೇಕು. ಗೋಳಿಬಜಿ ತಿಂದು ಭಾಳ ದಿನಾ ಆತು."

ವಿಷಯ ತಿಳಿಸಿದ್ದೇ ವಿಠಲಣ್ಣ ಕೆರಳಿದ. "ಬೇಕಂತ ಸೋಲುವುದಾ? ನನ್ನಿಂದ ಆಗುವುದಿಲ್ಲ. ಗೆದ್ದೇ ತಿನ್ನಿಸ್ತೇನೆ ಅಂತ ಹೇಳು ಅವನಿಗೆ!"

ಶುಕ್ರವಾರ ಗೆಲ್ಲಲೆಂದೇ ಆಡಿದೆವು. ಬೇಕೆಂದು ಸೋಲುವ ಶ್ರಮವೇ ಬೀಳಲಿಲ್ಲ. ಎರಡು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ? ವಿಠಲಣ್ಣ ಮುಖ ಊದಿಸಿಕೊಂಡೇ ಡಬ್ಬಿ ತೆರೆದ. ಸಂಗಪ್ಪ ಮೊದಲ ಗೋಳಿಬಜೆಯನ್ನು ಮುರಿದು ಅರ್ಧ ನನ್ನ ಕೈಗಿಟ್ಟ.

"ತಿನ್ರಿ ಸರ. ನೀವು ಹೋದ ಮ್ಯಾಲೆ ನಾವೂ ಗೆದ್ದಿದ್ದೇನಿಲ್ಲ."

ನೋಡಲು ಬಂದಿದ್ದ ಮಗಳು ಓಡಿ ಬಂದಳು. "ಲಾಸ್ಟ್ ಅಗೇನ್, ಪಪ್ಪಾ?"

ಬಾಯಿ ತುಂಬಿತ್ತು. ಬಿಸಿ ಬೇರೆ. ಉಳಿದ ಚೂರನ್ನು ಅವಳ ಬಾಯಿಗೂ ತುರುಕಿದೆ.