ಹಾಜಿಯವರ ಮೂರು ದಿನ

ರಿಯಾದಿನ ಒಣಹವೆಗೆ ಹಾಜಿಯವರ ಹಿಮ್ಮಡಿ ಬೇಸಿಗೆಯ ಗದ್ದೆಯಂತೆ ಬಿರಿದಿತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಕ್ಕಿಮೂಟೆಯ ಮೇಲೆ ಕಾಲು ಮಡಚಿ ಕೂತು ಬಿರುಕಿಗೆ ತೆಂಗಿನೆಣ್ಣೆ ಸವರುತ್ತಿದ್ದರು. ನಮ್ಮನ್ನು ಕಂಡರೆ ಕೈ ಒರೆಸಿಕೊಂಡು ತಕ್ಕಡಿಯತ್ತ ನಡೆಯುತ್ತಿದ್ದರು.

ಉಳ್ಳಾಲದ ಕಡೆಯ ಬ್ಯಾರಿ ಅವರು, ಉಡುಪಿ ಕಡೆಯ ಆಫೀಸ್ ಗುಮಾಸ್ತ ನಾನು. ಮಲಾಜ್ ಬಡಾವಣೆಯ ಅವರ ದಿನಸಿ ಅಂಗಡಿಯಲ್ಲಿ ಕುಚ್ಚಲಕ್ಕಿ, ಒಣಮೀನು ಸಿಗುತ್ತಿತ್ತು, ನ್ಯಾಯವೂ ಸಿಗುತ್ತಿತ್ತು. ರೂಮಿನವರ ಅಡುಗೆ ಪಾಳಿಯ ಜಗಳವೂ ಅಲ್ಲಿಗೇ ಬರುವುದು. "ಇಬ್ಬರೂ ಸ್ವಲ್ಪ ಸ್ವಲ್ಪ ಸೋಲಿ ಮಾರಾಯ್ರೇ" ಎನ್ನುವುದೇ ಅವರ ತೀರ್ಪು. ಇಪ್ಪತ್ತೆರಡು ವರ್ಷ ಬೆವರು ಸುರಿಸಿದ ಆ ಅಂಗಡಿ ಕಾಗದದಲ್ಲಿ ಮಾತ್ರ ಕಫೀಲನದು, ಅಂದರೆ ಅವರ ವೀಸಾಕ್ಕೆ ಹೊಣೆ ನಿಂತ ಅರಬನದು.

2015ರಲ್ಲಿ ಗ್ರಾಮ ಪಂಚಾಯಿತಿಗೆ ನಿಲ್ಲಿ ಎಂದು ಊರಿನವರು ದುಂಬಾಲು ಬಿದ್ದರು. ಮೂರು ತಿಂಗಳೊಳಗೆ ಮರಳಬೇಕೆಂಬ ವೀಸಾ ಸಿಕ್ಕಿತು. ಚುನಾವಣೆ ಮುಗಿಸಿ ಬಂದು, ಅಂಗಡಿಯನ್ನು ತಮ್ಮನಿಗೆ ವಹಿಸಿ, ಊರಲ್ಲೇ ನೆಲೆಸುವ ಯೋಚನೆ ಅವರದು. ಕಡೆಯ ದಿನ ಯಾವುದೆಂದು ನನ್ನನ್ನು ಕೇಳಿದರು. ಗೋಡೆಯಲ್ಲಿದ್ದ ಮಂಗಳೂರಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಟ್ಟೆ.

"ಈ ಸೌದಿಯವರದ್ದು ಚಂದ್ರನ ಲೆಕ್ಕ ಅಲ್ವಾ? ತಿಂಗಳು ಸಣ್ಣದು" ಎಂದರು.

"ನಾನು ದಿನಾ ನೋಡುವುದು ಇಂಥದ್ದೇ ಕಾಗದ. ನಿಮಗೆ ಎಂತಕ್ಕೆ ತಲೆಬಿಸಿ?"

ಓದಿದವನೆಂಬ ಕೊಬ್ಬು ನನ್ನದು. ವರ್ಷಾ ವರ್ಷ ಚಂದ್ರನನ್ನು ನೋಡಿ ಉಪವಾಸ ಹಿಡಿಯುವ ಮನುಷ್ಯ ನನ್ನ ಮಾತನ್ನೇ ನಂಬಿದರು.

ಗೆದ್ದರು. ಅಧ್ಯಕ್ಷರ ಆಯ್ಕೆ ನನ್ನ ಗುರುತಿನ ಹಿಂದಿನ ದಿನಕ್ಕೆ ಬಿತ್ತು. ಅದನ್ನು ಬಿಟ್ಟು ಈಗಲೇ ಹೊರಡಲೇ ಎಂದು ಫೋನಿನಲ್ಲಿ ಕೇಳಿದರು. ಮರುದಿನ ಹೊರಟರೂ ಸಾಕು, ಅಧ್ಯಕ್ಷರಾಗಿಯೇ ಬನ್ನಿ ಎಂದೆ. ಅಧ್ಯಕ್ಷರಾದರು. ಮರುದಿನ ಮಂಗಳೂರು ವಿಮಾನ ನಿಲ್ದಾಣದಲ್ಲಿ ಅವರನ್ನು ತಡೆದರು. ಚಾಂದ್ರಮಾನದ ಲೆಕ್ಕದಲ್ಲಿ ವೀಸಾ ಮುಗಿದು ಮೂರು ದಿನವಾಗಿತ್ತು. ಕಫೀಲ್ ಅವರ ಫೋನ್ ಎತ್ತಲಿಲ್ಲ. ವಾರದೊಳಗೆ ಅಂಗಡಿಯಲ್ಲಿ ಬೇರೊಬ್ಬನನ್ನು ಕೂರಿಸಿದ.

ಊರಿನವರು ಹಾರ ಹಾಕಿದ್ದು ಗಲ್ಫಿನ ಕಿಸೆಗೆ. ಕಿಸೆ ಖಾಲಿಯಾದದ್ದು ತಿಳಿದದ್ದೇ ತಡ, ಅಧ್ಯಕ್ಷರು ಎದುರು ಬಂದರೆ ಜನ ಓಣಿ ಬದಲಿಸತೊಡಗಿದರು. ಊರಿನವರನ್ನು ದೂರುವ ಯೋಗ್ಯತೆ ನನಗಿಲ್ಲ, ಆದರೂ ದೂರುತ್ತೇನೆ.

ಮುಂದಿನ ರಜೆಯಲ್ಲಿ ಅವರ ಮನೆಗೆ ಹೋದೆ. ಅವರ ಮಡದಿ ಚಹಾ ಇಟ್ಟು, "ಇವರಿಗೆ ಮೂರು ತಿಂಗಳು ಎಣಿಸಲಿಕ್ಕೂ ಗೊತ್ತಾಗಲಿಲ್ಲ. ನೀವಾದರೂ ಒಂದು ಮಾತು ಹೇಳಬಾರದಿತ್ತಾ?" ಎಂದರು.

ನಾನು ಚಹಾದ ಲೋಟ ಎತ್ತಿಕೊಂಡೆ. ಹಾಜಿಯವರು ನನ್ನತ್ತ ನೋಡದೆಯೇ ಹೇಳಿದರು:

"ಅವರು ಹೇಳಿದ್ದರು. ನಾನೇ ಕೇಳಲಿಲ್ಲ."

ಆಗಲಾದರೂ ಬಾಯಿ ಬಿಡಬೇಕಿತ್ತು. ಚಹಾ ಕುಡಿದು ಎದ್ದುಬಂದೆ.

ಎರಡು ವರ್ಷದ ನಂತರ ಅವರು ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಮಗ ನನ್ನ ಎರಡೂ ಕೈ ಹಿಡಿದುಕೊಂಡು, ತಂದೆ ಅಂದು ನಿಮ್ಮ ಮಾತು ಕೇಳಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಅತ್ತ. ನಾನು ಹೌದೆಂದು ತಲೆಯಾಡಿಸಿದೆ.